ನೀರು ಕೇಳಿ ಹೋದವರು

ನಮ್ಮ ಸಾಹೇಬರಿಗೆ ಇಪ್ಪತ್ತೊಂಬತ್ತು ವರ್ಷ, ನನಗೆ ನಲವತ್ತೊಂಬತ್ತು. ಹಾಗಾಗಿ ಅವರು ಮೊದಲು ‘ಉಜ್ವಲಾತಾಈ’ ಎಂದು ಅಕ್ಕನ ಮರ್ಯಾದೆ ಕೊಟ್ಟು, ಆಮೇಲೆ ಬೈಯುತ್ತಾರೆ. ಅವತ್ತೂ ಸೋಲಾಪುರದ ಆಫೀಸಿನಲ್ಲಿ ಹಾಗೆಯೇ ಕರೆದು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಪರದೆಯ ಮೇಲೆ ಎರಡು ಗೆರೆಗಳಿದ್ದವು. ಕೆಂಪು ಗೆರೆ ಹೃದಯದ ಕಾಯಿಲೆಯಿಂದ ಸತ್ತವರದು, ನೀಲಿ ಗೆರೆ ಸಕ್ಕರೆ ಕಾಯಿಲೆಯಿಂದ ಸತ್ತವರದು. ದೇಶದ ಲೆಕ್ಕದಲ್ಲಿ ಎರಡೂ ಏರುತ್ತಿವೆ, ನಾವು ಸುತ್ತುವ ಬೇರೆ ಊರುಗಳಲ್ಲೂ ಏರುತ್ತಿವೆ. ಅಕ್ಕಲಕೋಟ ತಾಲೂಕಿನ ಕಲ್ಲಕವಠೆ ಎಂಬ ಊರಿನಲ್ಲಿ ಮಾತ್ರ ಕೆಂಪು ಗೆರೆ ಏಣಿ ಹತ್ತಿದಂತೆ ಹತ್ತಿದೆ, ನೀಲಿ ಗೆರೆ ನೆಲ ಬಿಟ್ಟು ಎದ್ದೇ ಇಲ್ಲ. ಮೂರು ವರ್ಷದಲ್ಲಿ ನಲವತ್ತೊಂದು ಸಾವು, ಅದರಲ್ಲಿ ಇಪ್ಪತ್ತೊಂಬತ್ತು ಹೃದಯಾಘಾತ. ಸಕ್ಕರೆ ಕಾಯಿಲೆಯಿಂದ ಸತ್ತವನು ಒಬ್ಬನೇ ಒಬ್ಬ. ಅವನೂ ಆ ಊರಿನವನಲ್ಲ, ಅತ್ತೆಯ ಮನೆಗೆ ಬಂದು ಸತ್ತ ಅಳಿಯ.

“ಹೆ ಕಸಂ ಶಕ್ಯ ಆಹೆ?” ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ಇದು ಹೇಗೆ ಸಾಧ್ಯ ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ? ಯಮನ ಹತ್ತಿರ ವಿಚಾರಿಸಿಕೊಂಡು ಬರುತ್ತೇನೆ ಅನ್ನಲೆ? ಆ ಊರಿನ ಫಾರ್ಮುಗಳನ್ನೆಲ್ಲ ತುಂಬಿದವಳು ನಾನೇ. ಅದು ನನ್ನ ತವರೂರು ಕೂಡ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಸಾವಾದ ಮನೆಗೆ ಕೆಲವು ತಿಂಗಳು ಬಿಟ್ಟು ಹೋಗಬೇಕು, ಹೇಗೆ ಸತ್ತರು ಎಂದು ಕೇಳಬೇಕು, ಮನೆಯವರು ಹೇಳಿದ್ದನ್ನು ಬರೆದುಕೊಳ್ಳಬೇಕು. ಎಲ್ಲೋ ದೂರದ ಊರಿನಲ್ಲಿ ಕೂತ ಇಬ್ಬರು ಡಾಕ್ಟರರು ಅದನ್ನು ಓದಿ ಇದು ಇಂಥ ಕಾಯಿಲೆ ಎಂದು ತೀರ್ಮಾನಿಸುತ್ತಾರೆ. ಅದು ಅಂಕಿಯಾಗುತ್ತದೆ, ಅಂಕಿ ಗೆರೆಯಾಗುತ್ತದೆ. ಫಾರ್ಮು ಮರಾಠಿಯಲ್ಲಿದೆ, ಆ ಕಡೆಯ ಜನ ಅಳುವುದು ಕನ್ನಡದಲ್ಲಿ. ಎರಡೂ ಬಲ್ಲವಳು ಎಂದು ನನ್ನನ್ನು ತೆಗೆದುಕೊಂಡರು. ಸೋಲಾಪುರದಲ್ಲಿ ಚಾದರದ ಅಂಗಡಿ ಇಟ್ಟಿರುವ ನನ್ನ ಗಂಡ ಗುರುಸಿದ್ಧನಿಗೆ ಈ ನೌಕರಿ ಇವತ್ತಿಗೂ ಸೇರುವುದಿಲ್ಲ. “ಸತ್ತವರ ಮನಿ ಬಾಗಲಾ ಬಡಿಯೂದು ಅದೇನ ಧಂಧಾನ?” ಎನ್ನುತ್ತಾನೆ.

“ನಾಲ್ಕು ಮನೆಗೆ ಮತ್ತೆ ಹೋಗಿ ಬನ್ನಿ. ಸತ್ತವರನ್ನು ನೋಡಿದ ಹೊರಗಿನವರೊಬ್ಬರ ಹೇಳಿಕೆಯನ್ನೂ ತನ್ನಿ” ಎಂದರು ಸಾಹೇಬರು. “ತವರಿನವರು ಎಂದು ನೀವು ಸಡಿಲ ಬಿಟ್ಟಿದ್ದೀರಿ.”

ಕೋಪ ನೆತ್ತಿಗೇರಿತು. ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿರುವ ನಾನು ಸಡಿಲವೆ? ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಏಪ್ರಿಲ್ ತಿಂಗಳು. ಕಲ್ಲಕವಠೆ ಮುಟ್ಟುವಾಗ ಒಂಬತ್ತೂವರೆ, ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಮೊದಲು ಹೋದದ್ದು ಗುರುಲಿಂಗಮ್ಮನ ಮನೆಗೆ. ಅವಳ ಗಂಡ ಭೀಮಣ್ಣ ಹೋದ ದೀಪಾವಳಿಗೆ ತೀರಿಕೊಂಡಿದ್ದ. ಐವತ್ತೆಂಟು ವರ್ಷ. ನಾನು ಹಿಂದೆ ತುಂಬಿದ ಫಾರ್ಮಿನಲ್ಲಿ ಹೃದಯಾಘಾತದ ಎಲ್ಲ ಲಕ್ಷಣಗಳೂ ಇದ್ದವು.

“ಇನ್ನೊಮ್ಮೆ ಹೇಳ್ರಿ ಗುರುಲಿಂಗಮ್ಮ, ಹ್ಯಾಂಗಾತು?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಶುರುಮಾಡಿದಳು. “ಏನೂ ಆಗಿದ್ದಿಲ್ಲರೀ ಅಕ್ಕಾರ. ಕಟ್ಟಿ ಮ್ಯಾಲ ಕುಂತಿದ್ರು. ಎರಡ ರೊಟ್ಟಿ ಉಂಡ್ರು. ನೀರ ಕೊಡ ಅಂದ್ರು. ನಾ ತಂಬಗಿ ತಗೊಂಡ ಬರೂದ್ರಾಗ ಹೋಗಿದ್ರು. ಪುಣ್ಯವಂತ್ರು. ಯಾರ ಕೈಲಿಂದ ಒಂದ ದಿನಾನೂ ಮಾಡಿಸಿಕೊಳ್ಳಲಿಲ್ಲ.”

“ಅದರ ಮುಂಚೆ ಕಣ್ಣ ಕಾಣ್ತಿದ್ದಿಲ್ಲಂತಲ್ಲ? ಕೈ ಹಿಡಕೊಂಡ ಹೊಲಕ್ಕ ಕರಕೊಂಡ ಹೋಗ್ತಿದ್ರಂತ?”

“ಅದು ವಯಸ್ಸ ಬಿಡ್ರಿ” ಎಂದಳು. ಐವತ್ತೆಂಟು ವಯಸ್ಸಂತೆ! ಹಾಗಾದರೆ ನಾನು ಇನ್ನು ಒಂಬತ್ತು ವರ್ಷಕ್ಕೆ ಕುರುಡಿ. ಆದರೆ ಅವಳ ಕಣ್ಣಲ್ಲಿ ಸುಳ್ಳಿನ ಸುಳಿವು ಇರಲಿಲ್ಲ, ನೀರು ಇತ್ತು. ಬರೆದುಕೊಂಡೆ.

ಅಲ್ಲಿಂದ ಬೀರವ್ವನ ಮನೆಗೆ ಹೋದೆ. ಅವಳ ಅತ್ತೆ ಸತ್ತು ವರ್ಷವಾಗಿತ್ತು. ಬೀರವ್ವ ಶೇಂಗಾ ಸುಲಿಯುತ್ತಲೇ ಹೇಳಿದಳು. “ಅರ್ಧ ಬಾಳಿಹಣ್ಣ ತಿಂದ್ಳರಿ. ಉಳಿದರ್ಧ ಮಗಗ ಇಡ ಅಂದ್ಳು. ನೀರ ಕೇಳಿದ್ಳು. ತರೂದ್ರಾಗ ಹೋದ್ಳು.”

ನನ್ನ ಪೆನ್ನು ನಿಂತಿತು. “ಏನ್ ತಿಂದ್ಳು?”

“ಬಾಳಿಹಣ್ಣರಿ. ಅರ್ಧ.”

ಆ ಅರ್ಧ ಬಾಳೆಹಣ್ಣು ನನ್ನದು. ಹೇಗೆ ಅಂದರೆ, ಹದಿನಾರು ವರ್ಷದ ಹಿಂದೆ ನನ್ನ ಅಪ್ಪ ಬಂಡೆಪ್ಪ ತೀರಿಕೊಂಡಾಗ ಆ ಬಾಳೆಹಣ್ಣನ್ನು ಕತೆಗೆ ಸೇರಿಸಿದವಳು ನಾನು.

ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಬಂದವರೆಲ್ಲ ಕೇಳುವುದು ಒಂದೇ ಮಾತು, ಹ್ಯಾಂಗಾತು? ಮನೆಯವರು ಹೇಳಲೇಬೇಕು. ಬೆಳಿಗ್ಗೆ ಹತ್ತು ಜನಕ್ಕೆ ಹೇಳಬೇಕು, ಮಧ್ಯಾಹ್ನ ಇಪ್ಪತ್ತು ಜನಕ್ಕೆ ಹೇಳಬೇಕು. ಮೂರನೆಯ ದಿನದ ಹೊತ್ತಿಗೆ ಕತೆ ನುಣ್ಣಗಾಗಿರುತ್ತದೆ. ನರಳಿದ್ದು, ನಾತ ಬಂದದ್ದು, ಹಾಸಿಗೆ ಹುಣ್ಣು, ಸೊಸೆಯ ಗೊಣಗಾಟ ಎಲ್ಲವೂ ಸವೆದುಹೋಗಿ ಒಂದು ರೊಟ್ಟಿ, ಒಂದು ತಂಬಿಗೆ ನೀರು ಉಳಿಯುತ್ತದೆ. ಯಾರಿಂದಲೂ ಸೇವೆ ಮಾಡಿಸಿಕೊಳ್ಳದೆ ಹೋದವನು ಪುಣ್ಯವಂತ. ವರ್ಷಗಟ್ಟಲೆ ಮಲಗಿದವನಾದರೆ, ಯಾವ ಜನ್ಮದ ಪಾಪವೋ ಎಂದು ಬಂದವರು ಬಾಗಿಲು ದಾಟುತ್ತಲೇ ಮಾತಾಡುತ್ತಾರೆ. ಯಾವ ಹೆಂಡತಿ, ಯಾವ ಮಗಳು ಅದಕ್ಕೆ ಆಸ್ಪದ ಕೊಡುತ್ತಾಳೆ?

ನಾನು ಸೋಲಾಪುರದಿಂದ ಬಂದು ಮುಟ್ಟುವಾಗ ಅಪ್ಪನ ಜೀವ ಹೋಗಿತ್ತು. ಅವ್ವ ಹೇಳಿದಳು: ಉಂಡರು, ನೀರು ಕೇಳಿದರು, ಹೋದರು. ಎರಡನೆಯ ದಿನ ವಳಸಂಗದ ದೊಡ್ಡ ಮನೆಯವರು ಮಾತಾಡಿಸಲು ಬಂದರು. ಅವರ ಮಗಳನ್ನು ನನ್ನ ತಮ್ಮ ಅಮೋಲನಿಗೆ ತರುವ ಮಾತು ಆಗ ನಡೆದಿತ್ತು. ಅವ್ವ ಅಳುತ್ತ ಒಳಗೆ ಹೋಗಿದ್ದಳು, ಹೇಳುವ ಪಾಳಿ ನನಗೆ ಬಂತು. ಏಕೋ ಬರೀ ನೀರು ಸಾಲದು ಅನ್ನಿಸಿತು. ಅರ್ಧ ಬಾಳೆಹಣ್ಣು ತಿಂದರು, ಉಳಿದರ್ಧ ಅಮೋಲನಿಗೆ ಇಡಿ ಎಂದರು ಎಂದುಬಿಟ್ಟೆ. ಆ ಹಿರಿಯರ ಕಣ್ಣು ತುಂಬಿ ಬಂತು. ಮೂರು ತಿಂಗಳಿಗೆ ಮದುವೆಯೂ ಆಯಿತು.

ಈಗ ಬೀರವ್ವನ ಕಟ್ಟೆಯ ಮೇಲೆ ಕೂತು ನನಗೆ ಏನೂ ತಿಳಿಯದಂತಾಯಿತು. ಇವರೆಲ್ಲ ನಮ್ಮ ಮನೆಯ ಸಾವನ್ನು ಎರವಲು ತೆಗೆದುಕೊಂಡಿದ್ದಾರೆಯೆ? ಬಾಳೆಹಣ್ಣು ನಾನು ಸೇರಿಸಿದ್ದು ನಿಜ. ನಿಜವೆ? ಎಷ್ಟು ಸಲ ಹೇಳಿದ್ದೇನೆಂದರೆ ಅಪ್ಪನ ಕೈಯಲ್ಲಿದ್ದ ಸಿಪ್ಪೆ ಕೂಡ ನನ್ನ ಕಣ್ಣಿಗೆ ಕಟ್ಟಿದೆ. ಇನ್ನೆರಡು ಮನೆ ಬಾಕಿ ಬಿಟ್ಟು ತವರಿನ ದಾರಿ ಹಿಡಿದೆ.

ಅಮೋಲ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ. ಬಲಗಾಲಿಗೆ ಬಟ್ಟೆ ಸುತ್ತಿತ್ತು.

“ಏನಾತೋ?”

“ಚಪ್ಪಲಿ ಕಚ್ಚ್ಯದ ಅಕ್ಕಾ. ಏನಿಲ್ಲ.”

“ಎಂದ ಕಚ್ಚಿದ್ದು?”

ಅವನ ಹೆಂಡತಿ ಪ್ರಣಿತಾ ಒಳಗಿಂದ ಚಹಾ ತರುತ್ತ ಹೇಳಿದಳು. “ಇಪ್ಪತ್ತೈದ ದಿನಾ ಆತರಿ ಅಕ್ಕಾರ. ದವಾಖಾನಿಗೆ ನಡೀರಿ ಅಂದ್ರ ನನ್ನ ಮ್ಯಾಲ ಹರಿಹಾಯ್ತಾರ.”

“ಹೋಗಿನಲ್ಲ ಫೆಬ್ರುವರಿಯಾಗ?” ಎಂದ ಅಮೋಲ. “ಇಸಿಜಿ ಕ್ಲೀನ್. ಡಾಕ್ಟರ ಏನಂದ್ರು? ನಿಮ್ಮ ಹಾರ್ಟ ಹುಡುಗರ ಹಾರ್ಟ ಇದ್ದಂಗ ಅದ ಅಂದ್ರು.”

ಇದೊಂದು ಅವನ ಹೆಮ್ಮೆ. ಅಪ್ಪ ಹೃದಯಾಘಾತದಿಂದ ಹೋದ ಎಂದು ಅವನು ವರ್ಷಕ್ಕೊಮ್ಮೆ ಸೋಲಾಪುರಕ್ಕೆ ಬಂದು ಎದೆ ತೋರಿಸಿಕೊಂಡು ಹೋಗುತ್ತಾನೆ. ಎಣ್ಣೆ ಮುಟ್ಟುವುದಿಲ್ಲ, ಭಜಿ ಕಂಡರೆ ಮುಖ ತಿರುಗಿಸುತ್ತಾನೆ. ಆ ಬಾಯಿ ಚಪಲಕ್ಕೆ ಬೆಲ್ಲದ ಚಹಾ ದಿನಕ್ಕೆ ಆರು ಸಲ, ಕಬ್ಬಿನ ಹಾಲು ಎರಡು ಗ್ಲಾಸು. ಊರಿಗೆ ಬರುವ ನರ್ಸ್‌ಬಾಯಿ ಬೆರಳಿಗೆ ಸೂಜಿ ಚುಚ್ಚಲು ಬಂದರೆ ‘ನಮ್ಮ ಮನೆತನದಾಗ ಸಕ್ರಿ ಇಲ್ಲ, ನಮ್ದು ಹಾರ್ಟಿನ ಮನೆತನ’ ಎಂದು ಕಳಿಸಿಬಿಡುತ್ತಾನೆ. ಏನೋ ಇನಾಮಿನ ಹೊಲ ಇದ್ದ ಹಾಗೆ ಹೇಳುತ್ತಾನೆ.

ಚಹಾ ಕುಡಿದವನು ತಂಬಿಗೆ ಎತ್ತಿ ಗಟಗಟ ನೀರು ಕುಡಿದ. ಬಿಸಿಲು ಅಷ್ಟಿತ್ತು, ನಾನೂ ಒಂದು ತಂಬಿಗೆ ಕುಡಿದೆ.

ಅವ್ವ ಪಾರ್ವತಿಬಾಯಿ ಅಡುಗೆಮನೆಯ ಹೊಸ್ತಿಲಲ್ಲಿ ಕಾಳು ಆರಿಸುತ್ತಿದ್ದಳು. ಎಪ್ಪತ್ತಾರು ವರ್ಷ, ಕಣ್ಣು ಇನ್ನೂ ಚುರುಕು. ಹೋಗಿ ಎದುರಿಗೆ ಕೂತೆ. ಏನು ತೋಚಿತೋ, ಫಾರ್ಮು ತೆಗೆದೆ.

“ಅವ್ವಾ, ಅಪ್ಪಗ ಖರೇ ಏನಾಗಿತ್ತು?”

“ನಿನಗ ಗೊತ್ತಿಲ್ಲೇನ? ಉಂಡ್ರು. ನೀನ ಬಾಳಿಹಣ್ಣ ಸುಲದ ಕೊಟ್ಟಿ, ಅರ್ಧ ತಿಂದ್ರು. ನೀರ ಕೇಳಿದ್ರು…”

“ನಾ ಬಂದಾಗ ಜೀವ ಹೋಗಿತ್ತಲ್ಲವ್ವ!”

ಅವ್ವ ಕಾಳು ಆರಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಇಲ್ಲಲ್ಲ, ನೀ ಇದ್ದಿ” ಎಂದಳು. ನಾನು ಇದ್ದೆನೆ? ಬಸ್ಸು ಇಳಿದು ಓಡಿಬಂದದ್ದು, ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡದ್ದು ನೆನಪಿದೆ. ಬಾಳೆಹಣ್ಣೂ ನೆನಪಿದೆ. ಎರಡರಲ್ಲಿ ಯಾವುದೋ ಒಂದು ಸುಳ್ಳು. ಸತ್ತವರ ವಿಷಯ ಹನ್ನೊಂದು ವರ್ಷ ಕೇಳಿದವಳಿಗೆ ತನ್ನ ಅಪ್ಪ ಸತ್ತಾಗ ತಾನು ಎಲ್ಲಿದ್ದೆ ಎನ್ನುವುದೇ ಗೊತ್ತಿಲ್ಲ.

ಫಾರ್ಮಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಎದೆ ನೋವು? ಇತ್ತು. ಬೆವರು? ಬಂದಿತ್ತು. ಕಾಲಿಗೆ ಹುಣ್ಣು?

“ಹುಣ್ಣಲ್ಲ. ಎತ್ತ ತುಳದಿತ್ತು.”

ಅದು ನನಗೂ ಗೊತ್ತಿತ್ತು. ಆ ವರ್ಷ ನಾಗಪಂಚಮಿಗೆ ಬಂದಾಗ ಕಾಲು ಚೆನ್ನಾಗಿತ್ತು, ಆಮೇಲೆ ಎತ್ತು ತುಳಿಯಿತು ಎಂದು ಫೋನಿನಲ್ಲಿ ಕೇಳಿದ್ದೆ. ಅಮೋಲ ಆಗ ಸೋಲಾಪುರದಲ್ಲಿ ನಮ್ಮ ಅಂಗಡಿಯಲ್ಲಿದ್ದ, ಅವನೂ ಫೋನಿನಲ್ಲೇ ಕೇಳಿದ್ದು. ಮಣ್ಣು ಮಾಡಿದ ದಿನ ಅಪ್ಪನನ್ನು ಪದ್ಮಾಸನದಲ್ಲಿ ಕೂರಿಸಿ ಹೊಸ ಧೋತರ ಹೊದಿಸಿದ್ದರು. ಪಾದ ಕಾಣಲಿಲ್ಲ, ಬಟ್ಟೆಯ ಮೇಲೆಯೇ ಹಣೆ ಹಚ್ಚಿ ನಮಸ್ಕಾರ ಮಾಡಿದ್ದೆ.

“ಬರಕೋ, ಹಾರ್ಟ್” ಎಂದು ಅವ್ವ ಮತ್ತೆ ಕಾಳಿಗೆ ಕೈ ಹಾಕಿದಳು.

ಸಾಹೇಬರಿಗೆ ಹೊರಗಿನವರ ಹೇಳಿಕೆ ಬೇಕಿತ್ತು. ಭೀಮಣ್ಣನನ್ನು ಕೊನೆಗೆ ನೋಡಿದ ಹೊರಗಿನವನು ಯಾರು? ಪೀರಪ್ಪ ಕಾಕಾ. ಊರಿನ ಲಿಂಗಾಯತರ ಮನೆಗಳಲ್ಲಿ ಸಾವಾದರೆ ಹೊಲದಲ್ಲಿ ಕುಣಿ ತೋಡುವವನು ಅವನೇ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಕುಣಿಯ ಅಳತೆಯನ್ನು ಸತ್ತವರ ಪಾದದಿಂದಲೇ ತೆಗೆಯುತ್ತಾರೆ, ಒಂಬತ್ತು ಪಾದ. ಪೀರಪ್ಪ ಒಂದು ಜೋಳದ ದಂಟು ತಂದು ಹಿಮ್ಮಡಿಯಿಂದ ಹೆಬ್ಬೆರಳಿನ ತನಕ ಹಿಡಿದು, ಅಷ್ಟಕ್ಕೆ ಮುರಿದುಕೊಂಡು ಹೊಲಕ್ಕೆ ಹೋಗುತ್ತಾನೆ. ಸಣ್ಣವರಿದ್ದಾಗ ಅವನ ಕೈಯಲ್ಲಿ ದಂಟು ಕಂಡರೆ ನಾವು ದಾರಿ ಬದಲಿಸುತ್ತಿದ್ದೆವು.

ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತ ಕೂತಿದ್ದ. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು.

“ಭೀಮಣ್ಣನ ಹೆಣ ನೋಡಿದ್ಯಾ ಕಾಕಾ?”

“ನೋಡದ ಹ್ಯಾಂಗ ತೋಡ್ಲಿರಿ ಅಕ್ಕಾರ? ಭೀಮಣ್ಣಂದು ಎಡಗಾಲ ಅಳತಿ.”

“ಎಡಗಾಲ ಅಂದ್ರ?”

“ಅಳತಿ ಬಲಗಾಲಿಂದ ತಗೀಬೇಕರಿ. ನಮ್ಮಪ್ಪ ಹಂಗ ಕಲಿಸ್ಯಾನ. ಬಲಗಾಲಿಗೆ ಹೆಬ್ಬೆರಳ ಇರದಿದ್ರ ಅಳತಿ ತಪ್ತದ, ಕುಣಿ ಸಣ್ಣದಾಗ್ತದ, ಸತ್ತವ್ರಿಗೆ ಕುಂಡ್ರಾಕ ಇಕ್ಕಟ್ಟಾಗ್ತದ. ಅಂಥವ್ರದು ಎಡಗಾಲಿಂದ ತಗೀತೀನಿ.”

ನಾನು ಪೆನ್ನು ಹಿಡಿದೇ ಇದ್ದೆ, ಬರೆಯಲಿಲ್ಲ. “ಭೀಮಣ್ಣಗ ಹೆಬ್ಬೆರಳ ಇದ್ದಿದ್ದಿಲ್ಲೇನ?”

“ಕರ್ರಗಾಗಿ ಬಿದ್ದ ಹೋಗಿತ್ತರಿ. ಮನಿಯವ್ರು ಹೇಳಲಿಲ್ಲೇನ?” ಪೀರಪ್ಪ ಹಗ್ಗ ಕೆಳಗಿಟ್ಟ. “ಮೊದಲ ಇಂಥಾವು ಹತ್ತ ವರ್ಷಕ್ಕ ಒಂದ ಬರ್ತಿದ್ದೂ. ಈಗ ವರ್ಷಕ್ಕ ಎರಡ ಮೂರ ಬರ್ತಾವ. ಹೋದ ವರ್ಷ ನಾಕ. ಅದರಾಗ ಒಬ್ಬಂದು ಎರಡೂ ಕಾಲ ಅಳತಿಗೆ ಬರಲಿಲ್ಲ. ಅವನ ತಮ್ಮನ ನಿಂದರಿಸಿ, ಅವನ ಕಾಲಿಂದ ಅಳದೀನಿ. ಏನ್ ಬ್ಯಾನಿನೋ ಏನೋ, ಜನಾ ಬೆರಳ ಕಳಕೊಂಡ ಸಾಯಾಕತ್ಯಾರ.”

ಸಾಹೇಬರ ಕಂಪ್ಯೂಟರಿನಲ್ಲಿ ಏಳದೆ ಮಲಗಿದ್ದ ನೀಲಿ ಗೆರೆ ಇಲ್ಲಿ ಬೇವಿನ ಮರದ ಕೆಳಗೆ ಎದ್ದು ಕೂತಿತ್ತು. ಮೂರು ವರ್ಷ ಮನೆಮನೆ ತಿರುಗಿ ನಾನು ತಂದ ಕಾಗದಕ್ಕಿಂತ ಇವನ ದಂಟುಗಳಲ್ಲಿ ಹೆಚ್ಚು ನಿಜ ಇತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ.

“ನಿಮ್ಮಪ್ಪಾರಿಂದನ ಸುರು ಆತ ನೋಡ್ರಿ ಈ ಎಡಗಾಲಿನ ಸಾಲು” ಎಂದ ಪೀರಪ್ಪ.

“ನಮ್ಮಪ್ಪಂದು?”

“ಹೂಂ ಮತ್ತ. ಬಲಗಾಲಿಗೆ ಎರಡ ಬೆರಳ ಇದ್ದಿದ್ದಿಲ್ಲ.”

“ಅದು ಎತ್ತ ತುಳದಿದ್ದು ಕಾಕಾ.”

ಪೀರಪ್ಪ ನನ್ನ ಮುಖವನ್ನೇ ನೋಡಿದ. “ಎತ್ತ? ಯಾವ ಎತ್ತರಿ? ಆ ವರ್ಷ ನಿಮ್ಮ ಮನಿಯಾಗ ಎತ್ತ ಎಲ್ಲಿದ್ದೂ? ಅದರ ಹಿಂದಿನ ವರ್ಷನ ಮಾರಿ ಟ್ರ್ಯಾಕ್ಟರ್ ತಂದಿದ್ರಲ್ಲ. ಊರಿಗೆಲ್ಲ ಪೇಢೆ ಹಂಚಿದ್ರಿ.”

ಹೌದು. ಪೇಢೆ ತಂದವಳು ನಾನೇ, ಸೋಲಾಪುರದಿಂದ. ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿದವಳೂ ನಾನೇ. ಎತ್ತಿಲ್ಲದ ಮನೆಯಲ್ಲಿ ಎತ್ತು ತುಳಿಯಿತು ಎಂದು ಹದಿನಾರು ವರ್ಷ ನಾನೂ ನಂಬಿದೆ, ಅಮೋಲನೂ ನಂಬಿದ. ನಾವೇನು ದಡ್ಡರೆ? ಅವ್ವ ಹೇಳಿದಳು, ನಂಬಿದೆವು. ಕಟ್ಟೆಯ ಮೇಲೆ ಕೂತುಬಿಟ್ಟೆ. ಆಗ ಅಮೋಲನ ಬಲಗಾಲಿಗೆ ಸುತ್ತಿದ ಬಟ್ಟೆ ನೆನಪಾಯಿತು. ಇಪ್ಪತ್ತೈದು ದಿನ. ಎದ್ದೆ, ಪೀರಪ್ಪನಿಗೆ ಹೋಗಿ ಬರುತ್ತೇನೆ ಎಂದೂ ಹೇಳದೆ ಓಡಿದೆ. ಆ ವಯಸ್ಸಿನಲ್ಲಿ ಆ ಬಿಸಿಲಲ್ಲಿ ಓಡುವ ಹೆಂಗಸನ್ನು ಊರು ಬಾಗಿಲಿಗೆ ಬಂದು ನೋಡಿತು.

ಮನೆಯಲ್ಲಿ ಅಮೋಲ ಊಟಕ್ಕೆ ಕೂತಿದ್ದ. ಪ್ರಣಿತಾ ರೊಟ್ಟಿ ಬಡಿಸುತ್ತಿದ್ದಳು, ಅವ್ವ ಗೋಡೆಗೆ ಒರಗಿದ್ದಳು. ಏದುಸಿರಲ್ಲೇ ಹೇಳಿದೆ. “ಏಳ. ಸೋಲಾಪುರಕ್ಕ ನಡಿ. ಈಗಿಂದೀಗ.”

“ಯಾಕ, ಗುರುಸಿದ್ಧ ಮಾಮಾಗೇನರ ಆತೇನ?”

“ನಿನಗ ಆಗ್ಯದ. ಅಪ್ಪ ಹಾರ್ಟಿಂದ ಹೋಗಿಲ್ಲ. ಸಕ್ರಿ ಇತ್ತು ಅಪ್ಪಗ. ಕಾಲ ಕೊಳತಿತ್ತು.”

ಅಮೋಲ ನಕ್ಕುಬಿಟ್ಟ. “ಅಕ್ಕಾ, ನಿನ್ನ ಆಫೀಸಿನವ್ರು ನಿನ್ನ ತಲಿ ಕೆಡಿಸ್ಯಾರ. ಅವ್ವಾ, ಹೇಳ ಈಕಿಗೆ.”

ಅವ್ವ ಹೇಳಲಿಲ್ಲ. ನಾನು ಪೀರಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ದಂಟು, ಎಡಗಾಲು, ಮಾರಿದ ಎತ್ತು. ಅಮೋಲನ ನಗು ಕೋಪವಾಯಿತು. ಕುಣಿ ತೋಡುವವನ ಮಾತು ಕೇಳಿ ಅಪ್ಪನ ಸಾವಿಗೆ ಮಸಿ ಬಳಿಯುತ್ತೀಯಾ ಎಂದ. ಇಸಿಜಿಯ ಕಾಗದ ತಾ ಎಂದು ಹೆಂಡತಿಯ ಮೇಲೆ ಕೂಗಿದ. ಅಪ್ಪ ಪುಣ್ಯವಂತ, ಉಂಡು ನೀರು ಕೇಳಿ ಹೋದವನು ಎಂದ. ಅವನು ಕಾಲಿಗಾಗಿ ಜಗಳಾಡುತ್ತಿರಲಿಲ್ಲ, ಅಪ್ಪನಿಗಾಗಿ ಜಗಳಾಡುತ್ತಿದ್ದ. ನನಗೆ ಸಂಕಟವಾಯಿತು, ಸಿಟ್ಟೂ ಬಂತು, ಎರಡರಲ್ಲಿ ಯಾವುದನ್ನು ಹಿಡಿಯಬೇಕೋ ತಿಳಿಯಲಿಲ್ಲ.

“ನೀನ ಹೇಳಿದ್ಯಲ್ಲ ಅಕ್ಕಾ, ಬಾಳಿಹಣ್ಣ ನನಗ ಇಡ್ರಿ ಅಂದ್ರು ಅಂತ?”

“ಸುಳ್ಳ ಹೇಳಿದ್ದೆ” ಎಂದೆ. “ಪ್ರಣಿತಾನ ಅಪ್ಪ ಬಂದಿದ್ರು, ಅವರ ಮುಂದ ಸುಳ್ಳ ಹೇಳಿದೆ.”

ಪ್ರಣಿತಾಳ ಕೈಯಲ್ಲಿ ರೊಟ್ಟಿ ಹಾಗೆಯೇ ಇತ್ತು. ಅವಳ ಮುಖ ನೋಡಲು ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಅವ್ವ ಗೋಡೆ ಹಿಡಿದು ಎದ್ದಳು. ನಿಧಾನವಾಗಿ ಬಂದು ಅಮೋಲನ ಕಾಲ ಹತ್ತಿರ ಕೂತಳು. ಅವನು ಕಾಲು ಎಳೆದುಕೊಂಡ. ಅವ್ವ ಸಣ್ಣ ಮಗುವಿನ ಕಾಲು ಹಿಡಿದಂತೆ ಹಿಡಿದು ಬಟ್ಟೆ ಬಿಚ್ಚತೊಡಗಿದಳು. ಕೊನೆಯ ಸುತ್ತು ಅಂಟಿಕೊಂಡಿತ್ತು. ನಾವೆಲ್ಲ ಮೂಗು ಮುಚ್ಚಿಕೊಂಡೆವು, ಅವ್ವ ಮಾತ್ರ ಮುಖ ಹತ್ತಿರ ತಂದಳು. ಹೆಬ್ಬೆರಳಿನ ಪಕ್ಕ ಕಪ್ಪಗಾಗಿತ್ತು.

“ನೋಯ್ತದೇನ?” ಎಂದು ಒತ್ತಿದಳು.

“ಇಲ್ಲ” ಎಂದ ಅಮೋಲ. “ಅದಕ್ಕ ಏನಿಲ್ಲ ಅಂದೆ.”

“ಅವ್ರಿಗೂ ನೋಯ್ತಿದ್ದಿಲ್ಲ” ಎಂದಳು ಅವ್ವ. “ಈ ವಾಸನಿ ನನಗ ಎಂಟ ದಿನಾ ಆತ ಬರಾಕತ್ತಿ. ಇಲಿ ಸತ್ತಿರಬೇಕ ಅಂತ ಅಟ್ಟದ ಮ್ಯಾಲೆಲ್ಲ ಹುಡುಕಿಸೀನಿ. ನನ್ನ ಮನಸಿಗೆ ಗೊತ್ತಿತ್ತು, ಇಲಿ ಅಲ್ಲ ಅಂತ.”

ಅವ್ವ ಬಟ್ಟೆಯನ್ನು ಮಡಚುತ್ತ ಹೇಳಿದಳು. ಅಕ್ಕಲಕೋಟದ ಡಾಕ್ಟರರು ಸಕ್ಕರೆ ಎಂದು ಹೇಳಿದ್ದರಂತೆ. ವಳಸಂಗದ ಸಂಬಂಧ ತಪ್ಪುತ್ತದೆ, ಮದುವೆಯಾಗುವ ತನಕ ಬಾಯಿ ಬಿಡಬೇಡ ಎಂದು ಅಪ್ಪನೇ ಅವಳ ಕೈಯಿಂದ ಆಣೆ ಮಾಡಿಸಿಕೊಂಡಿದ್ದನಂತೆ. ಮದುವೆಯಾದ ಮೇಲೆ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದೆ.

“ಆಮ್ಯಾಲ ಮಂದಿ ಪುಣ್ಯವಂತ್ರು ಪುಣ್ಯವಂತ್ರು ಅಂತ ಅವರ ಗದ್ದಿಗಿಗೆ ಕೈ ಮುಗೀತಿದ್ರು. ಕೇಳಿ ಕೇಳಿ ನನಗೂ ಹಂಗ ಆಗ್ಯದ ಅನಸಾಕತ್ತು. ಎತ್ತ ತುಳದಿದ್ದೂ ನನ್ನ ಕಣ್ಣಿಗೆ ಕಾಣ್ತದ, ಏನ್ ಮಾಡ್ಲಿ?” ಅವ್ವ ಅಳುತ್ತಿದ್ದಳು. “ಆದ್ರ ನೀರ ಕೇಳಿದ್ದು ಸುಳ್ಳಲ್ಲ ನೋಡ ಉಜ್ವಲಾ. ಅದು ಖರೇ. ಅರ್ಧಾ ತಾಸಿಗೊಮ್ಮೆ ಕೇಳ್ತಿದ್ರು. ಆರ ತಿಂಗಳ ತಂಬಗಿ ತುಂಬಿ ತುಂಬಿ ಕೊಟ್ಟೀನಿ. ಎಷ್ಟ ಕೊಟ್ರೂ ಅವರ ನೀರಡಿಕಿ ಹೋಗಲಿಲ್ಲ.”

ನನ್ನ ಚೀಲದಲ್ಲಿ ಫಾರ್ಮುಗಳಿದ್ದವು. ಭೀಮಣ್ಣ ನೀರು ಕೇಳಿದ್ದ. ಬೀರವ್ವನ ಅತ್ತೆ ನೀರು ಕೇಳಿದ್ದಳು. ಇಪ್ಪತ್ತೊಂಬತ್ತರಲ್ಲಿ ಎಷ್ಟು ಮನೆಯವರು ನೀರಿನ ಮಾತು ಹೇಳಿದ್ದರೋ, ನಾನು ಎಲ್ಲವನ್ನೂ ನನ್ನ ಕೈಯಾರೆ ಬರೆದುಕೊಂಡಿದ್ದೆ. ಒಳ್ಳೆಯ ಸಾವಿನ ಗುರುತು ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಎಷ್ಟು ದಿನದಿಂದ ಕೇಳುತ್ತಿದ್ದರು ಎಂದು ಒಬ್ಬರನ್ನೂ ಕೇಳಲಿಲ್ಲ.

ಪ್ರಣಿತಾ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು. “ಮೋರಿಗೆ ಇರುವಿ ಮುತ್ತತಾವರಿ ಅಕ್ಕಾರ, ಇವ್ರು ಒಂದಕ್ಕ ಹೋಗಿ ಬಂದಾಗೊಮ್ಮೆ. ಒಂದ ವರ್ಷ ಆತು. ನಾ ದಿನಾ ಫಿನೈಲ್ ಹಾಕಿ ತೊಳಕೋತ ಬಂದೀನಿ. ಅದೂ ಇದರದನ ಏನ್ರಿ?”

ನಾನು ತಲೆಯಾಡಿಸಿದೆ.

“ಒಬ್ಬರರ ಒಂದ ಮಾತ ಹೇಳಿದ್ರ ನಾ ಫಿನೈಲ್ ಹಾಕ್ತಿದ್ದಿಲ್ಲರಿ” ಎಂದಳು. ಬೈಯಲಿಲ್ಲ, ಅಳಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಯವರ ಜೀಪು ಕೇಳಲು ಹೋದಳು. ಹದಿನಾರು ವರ್ಷದ ಹಿಂದೆ ಅವಳ ಅಪ್ಪನ ಎದುರು ನಾನು ಹಿಡಿದ ಬಾಳೆಹಣ್ಣಿಗೆ ಅವಳು ಒಂದು ಬೈಗುಳವಾದರೂ ಕೊಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಜೀಪು ಅಕ್ಕಲಕೋಟ ದಾಟಿತು. ಮುಂದೆ ಡ್ರೈವರ್, ಹಿಂದೆ ನಾವು ಮೂವರು. ಅಮೋಲ ಕಾಲನ್ನು ಪ್ರಣಿತಾಳ ತೊಡೆಯ ಮೇಲೆ ಚಾಚಿದ್ದ. ದಾರಿಯುದ್ದಕ್ಕೂ ಅವನು ಕೇಳಿದ್ದು ಒಂದೇ. “ಹಂಗಾದ್ರ ಅಪ್ಪ ಭಾಳ ನರಳಿದ್ನೇನ?” ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಬೆರಳು ಉಳಿಯುತ್ತದೋ, ಪಾದ ಉಳಿಯುತ್ತದೋ, ಅದೂ ಗೊತ್ತಿರಲಿಲ್ಲ. ಗುರುಸಿದ್ಧನಿಗೆ ಫೋನು ಮಾಡಿ ದವಾಖಾನೆಯ ಬಾಗಿಲಲ್ಲಿ ನಿಂತಿರು ಎಂದಿದ್ದೆ. ಸಾಹೇಬರ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ವಳಸಂಗದ ಹತ್ತಿರ ಬಂದಾಗ ಅಮೋಲ ತನ್ನ ಬಾಟಲಿಯನ್ನು ಬೋರಲು ಮಾಡಿ ಕೊನೆಯ ಹನಿ ಕುಡಿದ. ಮನೆ ಬಿಟ್ಟು ಒಂದು ತಾಸೂ ಆಗಿರಲಿಲ್ಲ, ಅದು ಎರಡನೆಯ ಬಾಟಲಿ. ನಾಲಗೆಯಿಂದ ತುಟಿ ಸವರಿಕೊಂಡು ನನ್ನ ಕಡೆ ನೋಡಿದ.

“ಅಕ್ಕಾ, ನೀರ ಅದಾವೇನ?”

ನನ್ನ ಕೈ ಚೀಲದೊಳಗೇ ನಿಂತುಬಿಟ್ಟಿತು. ಪ್ರಣಿತಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಬಾಟಲಿ ತೆಗೆದುಕೊಟ್ಟೆ. ಅವನು ಗಟಗಟ ಕುಡಿದು ಬಾಯಿ ಒರೆಸಿಕೊಂಡ. ನಾನು ಅವನ ಮೊಣಕೈ ಹಿಡಿದುಕೊಂಡೆ, ಬಿಡಲಿಲ್ಲ.

“ಜೋರ ಹೊಡೀರಿ” ಎಂದು ಡ್ರೈವರನಿಗೆ ಹೇಳಿದೆ.